ಮಗು ಆಗದಿದ್ದಾಗಲಷ್ಟೇ ನೆನಪಾಗುವ ಆರೋಗ್ಯ

ನಮ್ಮ ಕಡೆಯ ಮನೆಗಳಲ್ಲಿ ಗರ್ಭಕೋಶ, ಅಂಡಾಶಯಗಳ ಮಾತು ಏಳುವುದು ಹೆಚ್ಚಾಗಿ ಎರಡೇ ಸಂದರ್ಭದಲ್ಲಿ. ಮದುವೆಯಾಗಿ ಒಂದೆರಡು ವರ್ಷ ಕಳೆದರೂ ಬಸಿರು ನಿಲ್ಲದಿದ್ದಾಗ ಒಮ್ಮೆ, ನಲವತ್ತರ ಆಸುಪಾಸಿನಲ್ಲಿ ರಕ್ತಸ್ರಾವ ಹಿಡಿತಕ್ಕೆ ಸಿಗದಿದ್ದಾಗ ಇನ್ನೊಮ್ಮೆ. ನಡುವಿನ ವರ್ಷಗಳಲ್ಲಿ ಆ ದೇಹ ಏನು ಹೇಳುತ್ತಿತ್ತು ಎಂದು ಯಾರೂ ಕೇಳುವುದಿಲ್ಲ. ಕಾಲೇಜಿಗೆ ಹೋಗುವ ಹುಡುಗಿಗೆ ಮೂರು ತಿಂಗಳಿಗೊಮ್ಮೆ ಮುಟ್ಟಾದರೆ ‘ಮದುವೆ ಆದಮೇಲೆ ಎಲ್ಲ ಸರಿಹೋಗ್ತದೆ’ ಎನ್ನುತ್ತಾರೆ. ಮೈ ತುಂಬಿಕೊಂಡರೆ ‘ಬಾಯಿ ಕಟ್ಟು’ ಎನ್ನುತ್ತಾರೆ. ಇವೆರಡೂ ಒಂದೇ ತೊಂದರೆಯ ಎರಡು ಮುಖಗಳಾಗಿರಬಹುದು. ಜೊತೆಗೆ, ಮುಂದೆ ಬರಲಿರುವ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಮೊದಲ ಸೂಚನೆಯೂ ಆಗಿರಬಹುದು.

ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳ ಹೆಣ್ಣುಮಕ್ಕಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಸಮಗ್ರವಾಗಿ ನೋಡುವುದು ಈ ಲೇಖನದ ಉದ್ದೇಶ. ನನ್ನ ವಾದ ಇಷ್ಟೇ: ಹೆಣ್ಣಿನ ಮೈತೂಕ ಮತ್ತು ಮುಟ್ಟಿನ ಕ್ರಮವನ್ನು ಹದಿಹರೆಯದಿಂದಲೇ ಆರೋಗ್ಯದ ವಿಷಯವಾಗಿ ಗಮನಿಸಬೇಕು. ಸಂತಾನದ ವಿಷಯವಾಗಿ ಮಾತ್ರ ನೋಡುತ್ತಿರುವವರೆಗೂ ನಾವು ತಡವಾಗಿಯೇ ಎಚ್ಚರಗೊಳ್ಳುತ್ತೇವೆ.

ಅಂಕಿಗಳು ಹೇಳುವುದೇನು

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಅತಿತೂಕ ಅಥವಾ ಬೊಜ್ಜು ಇರುವವರ ಪಾಲು 2015–16ರಲ್ಲಿ ಶೇ. 23.3 ಇತ್ತು. 2019–21ರ ಐದನೇ ಸಮೀಕ್ಷೆಯ ಹೊತ್ತಿಗೆ ಅದು ಶೇ. 30.1ಕ್ಕೆ ಏರಿತು. ದೇಶದ ಸರಾಸರಿ ಆಗ ಶೇ. 24. ಅದೇ ಸಮೀಕ್ಷೆಯಲ್ಲಿ ರಾಜ್ಯದ ಶೇ. 17.2ರಷ್ಟು ಹೆಂಗಸರು ಇರಬೇಕಾದ್ದಕ್ಕಿಂತ ಕಡಿಮೆ ತೂಕದವರು, ಶೇ. 47.8ರಷ್ಟು ಮಂದಿ ರಕ್ತಹೀನತೆ ಇರುವವರು. ಒಂದೇ ಓಣಿಯಲ್ಲಿ ಸೊರಗಿದ ಮೈಯೂ ಇದೆ, ಬೊಜ್ಜಿನ ಮೈಯೂ ಇದೆ. ಬೊಜ್ಜು ಬಂದ ಹೆಂಗಸೂ ರಕ್ತಹೀನತೆಯಿಂದ ಸುಸ್ತಾಗಿರುತ್ತಾಳೆ. ಹೊಟ್ಟೆ ತುಂಬಿದೆ, ಪೋಷಣೆ ಸಿಕ್ಕಿಲ್ಲ.

ಈ ಸಮೀಕ್ಷೆ ನಡೆದಾಗ ವಿಜಯನಗರ ಜಿಲ್ಲೆ ಇನ್ನೂ ಹುಟ್ಟಿರಲಿಲ್ಲ. 2021ರಲ್ಲಿ ಹೊಸಪೇಟೆ ಹೊಸ ಜಿಲ್ಲೆಯ ಕೇಂದ್ರವಾಯಿತು, ಸಂಡೂರು ಮತ್ತು ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಆದ್ದರಿಂದ ಆ ಸಮೀಕ್ಷೆಯಲ್ಲಿ ಈ ನಾಲ್ಕೂ ಊರುಗಳು ಅವಿಭಜಿತ ಬಳ್ಳಾರಿಯ ಲೆಕ್ಕದೊಳಗೇ ಸೇರಿವೆ.

ಬೊಜ್ಜಿನ ಅಳತೆಯ ವಿಚಾರದಲ್ಲೂ ಒಂದು ಮಾತು ಹೇಳಬೇಕು. ಕಿಲೋ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದ ವರ್ಗದಿಂದ ಭಾಗಿಸಿದರೆ ಬರುವುದು ಬಿಎಂಐ. ಅಂತರರಾಷ್ಟ್ರೀಯ ರೂಢಿಯಲ್ಲಿ 25 ದಾಟಿದರೆ ಅತಿತೂಕ, 30 ದಾಟಿದರೆ ಬೊಜ್ಜು. ಭಾರತೀಯರಲ್ಲಿ ಅದೇ ತೂಕಕ್ಕೆ ಕೊಬ್ಬಿನ ಪಾಲು ಹೆಚ್ಚು, ಸ್ನಾಯುವಿನ ಪಾಲು ಕಡಿಮೆ. ಹಾಗಾಗಿ ನಮ್ಮ ವೈದ್ಯರು 2009ರಲ್ಲಿ ಒಪ್ಪಿಕೊಂಡ ಗಡಿಗಳು ಇನ್ನೂ ಕೆಳಗಿವೆ: 23ಕ್ಕೆ ಅತಿತೂಕ, 25ಕ್ಕೆ ಬೊಜ್ಜು, ಹೆಂಗಸರ ಸೊಂಟದ ಸುತ್ತಳತೆ 80 ಸೆಂಟಿಮೀಟರ್ ದಾಟಿದರೆ ಎಚ್ಚರಿಕೆ. ಐದಡಿ ಎತ್ತರದ ಹೆಂಗಸು 58 ಕಿಲೋ ದಾಟಿದರೆ ಈ ಲೆಕ್ಕದಲ್ಲಿ ಬೊಜ್ಜಿನ ಗಡಿಗೆ ಬಂದಂತೆ. ನೋಡುವವರ ಕಣ್ಣಿಗೆ ಅವಳು ‘ಮೈಕೈ ತುಂಬಿಕೊಂಡವಳು’ ಅಷ್ಟೇ. ಸಮೀಕ್ಷೆಯ ಶೇ. 30.1 ಎಂಬುದು 25ರ ಗಡಿಯಿಂದ ಎಣಿಸಿದ್ದು. 23ರಿಂದ ಎಣಿಸಿದರೆ ಸಂಖ್ಯೆ ಇನ್ನೂ ಹಿಗ್ಗುತ್ತದೆ.

ನೀರು, ಅನ್ನ, ದುಡಿಮೆ

ತೂಕ ಏರುವುದು ಬಾಯಿಚಪಲದಿಂದ ಎಂಬ ಆರೋಪ ಹೆಣ್ಣಿನ ಮೇಲೆ ಸುಲಭವಾಗಿ ಬೀಳುತ್ತದೆ. ನೆಲದ ಕಥೆ ಬೇರೆಯೇ ಇದೆ. ವಿಜಯನಗರದ ಅರಸರ ಕಾಲದ ಕಾಲುವೆಗಳು ಹೊಸಪೇಟೆ, ಹಂಪಿ, ಕಂಪ್ಲಿಗಳ ಕೆಲವು ಹೊಲಗಳಿಗೆ ಮೊದಲೇ ನೀರುಣಿಸುತ್ತಿದ್ದವು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ತುಂಬಿದ ಮೇಲೆ ಭತ್ತ, ಕಬ್ಬು, ಬಾಳೆ ದೂರದವರೆಗೂ ಹಬ್ಬಿದವು. ಜೋಳ, ಸಜ್ಜೆ, ನವಣೆ ಉಣ್ಣುತ್ತಿದ್ದ ಬಯಲಿನ ಮನೆಗಳಲ್ಲಿ ಅನ್ನ ಮೂರು ಹೊತ್ತಿನ ಊಟವಾಯಿತು. ಪಡಿತರದ ಅಕ್ಕಿ ಹಸಿವನ್ನು ಓಡಿಸಿತು, ಅದು ದೊಡ್ಡ ಉಪಕಾರ. ಆದರೆ ಅನ್ನದ ಜೊತೆಗಿನ ಬೇಳೆ, ಕಾಳು, ಸೊಪ್ಪು, ಮೊಟ್ಟೆ ಅದೇ ಪ್ರಮಾಣದಲ್ಲಿ ಬೆಳೆಯಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಅಧ್ಯಯನ 2025ರಲ್ಲಿ ತೋರಿಸಿದಂತೆ ಭಾರತೀಯರ ಊಟದ ಶಕ್ತಿಯಲ್ಲಿ ಸುಮಾರು ಶೇ. 62 ಪಿಷ್ಟ ಮತ್ತು ಸಕ್ಕರೆಯಿಂದ ಬರುತ್ತದೆ, ಪ್ರೋಟೀನಿನ ಪಾಲು ತೀರ ಕಡಿಮೆ. ಇದಕ್ಕೆ ಸಂಜೆಯ ಮಿರ್ಚಿ ಬಜ್ಜಿ, ಸಕ್ಕರೆ ಬೆರೆತ ಚಹಾ, ಐದು ರೂಪಾಯಿಯ ಕುರುಕಲು ಪೊಟ್ಟಣ ಸೇರಿದವು.

ದುಡಿಮೆಯೂ ಬದಲಾಯಿತು. ಕಂಪ್ಲಿಯ ಗದ್ದೆಗಳಲ್ಲಿ ಕೊಯ್ಲು, ಒಕ್ಕಣೆಗೆ ಯಂತ್ರ ಬಂತು. ಸಂಡೂರಿನ ಗಣಿಗಳಲ್ಲಿ ಅದಿರು ಒಡೆದು ತುಂಬುವ ಕೆಲಸ ಕೈಯಿಂದ ಯಂತ್ರಕ್ಕೆ ಹೋಯಿತು. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಸಂಡೂರಿನ ಲಂಬಾಣಿ ಕಸೂತಿ ಹೆಂಗಸರಿಗೆ ಗೌರವದ ಆದಾಯ ತಂದಿದೆ. ಅದು ಗಂಟೆಗಟ್ಟಲೆ ಕೂತು ಮಾಡುವ ಕೆಲಸ. ಹೊಸಪೇಟೆಯ ಅಂಗಡಿ, ಕಚೇರಿಗಳಲ್ಲೂ, ಹಂಪಿಯ ಪ್ರವಾಸಿಗರನ್ನು ನಂಬಿದ ಮಳಿಗೆಗಳಲ್ಲೂ ಹಾಗೆಯೇ. ಬೆಳಿಗ್ಗೆ ಐದಕ್ಕೆ ಎದ್ದು ರಾತ್ರಿ ಹನ್ನೊಂದಕ್ಕೆ ಮಲಗುವ ಹೆಣ್ಣಿಗೆ ‘ನಡಿಗೆಗೆ ಹೋಗು’ ಎನ್ನುವವರು, ಅವಳ ಬದಲು ಒಲೆಯ ಮುಂದೆ ಯಾರು ನಿಲ್ಲುತ್ತಾರೆ ಎಂಬುದನ್ನೂ ಹೇಳಬೇಕು.

ಕೊಬ್ಬು ಹಾರ್ಮೋನು ಸುರಿಸುವ ಅಂಗ

ದೇಹದ ಕೊಬ್ಬನ್ನು ಬಹುಕಾಲ ಉಳಿತಾಯದ ಗಂಟು ಎಂದಷ್ಟೇ ಭಾವಿಸಿದ್ದರು. 1994ರಲ್ಲಿ ಅಮೆರಿಕದ ಜೆಫ್ರಿ ಫ್ರೀಡ್‌ಮನ್ ಮತ್ತು ಸಂಗಡಿಗರು ಕೊಬ್ಬಿನ ಕೋಶಗಳು ಸ್ರವಿಸುವ ಲೆಪ್ಟಿನ್ ಎಂಬ ಹಾರ್ಮೋನನ್ನು ಗುರುತಿಸಿದ ಮೇಲೆ ಆ ತಿಳಿವಳಿಕೆ ಬದಲಾಯಿತು. ಬಸಿರು ಹೊರಲು ಸಾಕಾಗುವಷ್ಟು ಶಕ್ತಿ ಕೂಡಿದೆಯೇ ಎಂಬ ಸುದ್ದಿಯನ್ನು ಲೆಪ್ಟಿನ್ ಮಿದುಳಿಗೆ ಮುಟ್ಟಿಸುತ್ತದೆ. ಕೊಬ್ಬು ತೀರ ಕಡಿಮೆಯಾದರೆ ಮಿದುಳು ಅಂಡಾಶಯಕ್ಕೆ ಕಳಿಸುವ ಸಂಕೇತ ಕುಂದಿ ಮುಟ್ಟು ನಿಲ್ಲುತ್ತದೆ. ಹೊಟ್ಟೆಗಿಲ್ಲದೆ ಸೊರಗಿದ ಹುಡುಗಿಯರಲ್ಲಿ, ಮಿತಿಮೀರಿ ಉಪವಾಸ ಮಾಡುವವರಲ್ಲಿ ಕಾಣುವುದು ಇದೇ.

ಕೊಬ್ಬು ಹೆಚ್ಚಾದಾಗ ದಾರಿ ತಪ್ಪುವುದು ಬೇರೆ ಬಗೆಯಲ್ಲಿ, ಮುಖ್ಯವಾಗಿ ಇನ್ಸುಲಿನ್ ಮೂಲಕ. ಹೊಟ್ಟೆಯ ಸುತ್ತ ಕೊಬ್ಬು ಕೂಡಿದಂತೆ ಸ್ನಾಯುಗಳು, ಯಕೃತ್ತು ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸುವುದಿಲ್ಲ. ಮೇದೋಜೀರಕ ಗ್ರಂಥಿ ಇನ್ನಷ್ಟು ಸುರಿಸುತ್ತದೆ. ಕಾಲುವೆಯ ಕೊನೆಭಾಗದ ಹೊಲಕ್ಕೆ ನೀರು ಹತ್ತಲಿಲ್ಲವೆಂದು ಮೇಲಿಂದ ಹೆಚ್ಚು ಬಿಟ್ಟರೆ ತಲೆಭಾಗದ ಗದ್ದೆ ಜೌಗು ಹಿಡಿಯುವುದನ್ನು ನಮ್ಮ ರೈತರು ಕಂಡಿದ್ದಾರೆ. ಇಲ್ಲಿ ಜೌಗು ಹಿಡಿಯುವುದು ಅಂಡಾಶಯ. ಅದು ಇನ್ಸುಲಿನ್‌ಗೆ ಸ್ಪಂದಿಸುವುದನ್ನು ಬಿಟ್ಟಿರುವುದಿಲ್ಲ. ಹೆಚ್ಚಿದ ಇನ್ಸುಲಿನ್ ಅದರ ಕೋಶಗಳನ್ನು ಕೆರಳಿಸಿ ಟೆಸ್ಟೋಸ್ಟಿರೋನ್‌ನಂಥ ಆಂಡ್ರೋಜೆನ್‌ಗಳನ್ನು ಹೆಚ್ಚಿಸುತ್ತದೆ. ಆ ಆಂಡ್ರೋಜೆನ್‌ಗಳನ್ನು ರಕ್ತದಲ್ಲಿ ಹಿಡಿದಿಡುವ ಪ್ರೋಟೀನನ್ನು ಯಕೃತ್ತು ಕಡಿಮೆ ತಯಾರಿಸುತ್ತದೆ. ಅಂಡಾಣುವಿನ ಬೆಳವಣಿಗೆ ಅರ್ಧಕ್ಕೆ ನಿಲ್ಲುತ್ತದೆ, ಮುಟ್ಟು ಮುಂದೆ ಹೋಗುತ್ತದೆ.

ಮೂರನೆಯದು ಈಸ್ಟ್ರೋಜೆನ್. ಕೊಬ್ಬಿನಲ್ಲಿರುವ ಅರೋಮಟೇಸ್ ಎಂಬ ಕಿಣ್ವ ಆಂಡ್ರೋಜೆನ್‌ಗಳನ್ನು ಈಸ್ಟ್ರೋಜೆನ್ ಆಗಿ ಮಾರ್ಪಡಿಸುತ್ತದೆ. ಅಂಡಾಣು ಬಿಡುಗಡೆಯಾದಾಗ ಹುಟ್ಟುವ ಪ್ರೊಜೆಸ್ಟಿರೋನ್ ಈಸ್ಟ್ರೋಜೆನ್‌ಗೆ ಲಗಾಮು. ಬಿಡುಗಡೆಯೇ ಆಗದಿದ್ದರೆ ಲಗಾಮಿಲ್ಲದ ಈಸ್ಟ್ರೋಜೆನ್ ಗರ್ಭಕೋಶದ ಒಳಪದರವನ್ನು ದಪ್ಪವಾಗಿಸುತ್ತಲೇ ಹೋಗುತ್ತದೆ. ತಿಂಗಳುಗಟ್ಟಲೆ ನಿಂತ ಮುಟ್ಟು ಒಮ್ಮೆಲೇ ಮಿತಿಮೀರಿ ಹರಿಯುವುದಕ್ಕೂ, ಬೊಜ್ಜಿರುವವರಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್ ಹೆಚ್ಚಾಗಿ ಕಾಣುವುದಕ್ಕೂ ಮೂಲ ಇಲ್ಲಿದೆ. ಆದ್ದರಿಂದಲೇ ಮೂರು ತಿಂಗಳಿಗೂ ಹೆಚ್ಚು ಕಾಲ ಮುಟ್ಟಾಗದಿದ್ದರೆ ವೈದ್ಯರನ್ನು ಕಾಣಲೇಬೇಕು, ಮದುವೆಯಾಗಿರಲಿ, ಆಗದಿರಲಿ.

ನೀರುಗುಳ್ಳೆ ಎಂದು ಹೆಸರಾದ ಪಿಸಿಒಎಸ್

ಈ ಗೊಂದಲದ ಅತಿ ಸಾಮಾನ್ಯ ರೂಪವೇ ಪಿಸಿಒಎಸ್ (ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್), ಜನರ ಬಾಯಲ್ಲಿ ಪಿಸಿಒಡಿ ಅಥವಾ ನೀರುಗುಳ್ಳೆ. 1935ರಲ್ಲಿ ಷಿಕಾಗೊದ ವೈದ್ಯರಾದ ಸ್ಟೈನ್ ಮತ್ತು ಲೆವೆಂಥಾಲ್ ಇದನ್ನು ವಿವರಿಸಿದರು. ಸಂತಾನ ಪಡೆಯುವ ವಯಸ್ಸಿನ ಶೇ. 10ರಿಂದ 13ರಷ್ಟು ಹೆಂಗಸರಿಗೆ ಇದು ಇದೆ, ಅವರಲ್ಲಿ ಶೇ. 70ರವರೆಗಿನ ಮಂದಿಗೆ ತಮಗಿದು ಇದೆಯೆಂಬುದೇ ಗೊತ್ತಿರುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಸ್ಕ್ಯಾನಿಂಗ್ ವರದಿಯಲ್ಲಿ ಕಾಣುವ ಗುಳ್ಳೆಗಳು ಬೆಳವಣಿಗೆ ನಿಂತ ಅಂಡಾಣುಗಳ ಕೋಶಿಕೆಗಳು, ಕತ್ತರಿಸಿ ತೆಗೆಯಬೇಕಾದ ಗಡ್ಡೆಗಳಲ್ಲ. 2003ರ ರೋಟರ್‌ಡ್ಯಾಮ್ ಒಪ್ಪಂದದಂತೆ ಕ್ರಮ ತಪ್ಪಿದ ಮುಟ್ಟು, ಹೆಚ್ಚಿದ ಆಂಡ್ರೋಜೆನ್, ಸ್ಕ್ಯಾನಿಂಗ್‌ನಲ್ಲಿ ಕಾಣುವ ಅಂಡಾಶಯದ ಲಕ್ಷಣ ಇವು ಮೂರರಲ್ಲಿ ಎರಡು ಇದ್ದರೆ ಪಿಸಿಒಎಸ್ ಎನ್ನುತ್ತಾರೆ, ಅದೂ ಥೈರಾಯ್ಡ್ ಮತ್ತು ಪ್ರೊಲ್ಯಾಕ್ಟಿನ್ ಹಾರ್ಮೋನುಗಳ ತೊಂದರೆ ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆ. ಥೈರಾಯ್ಡ್ ಕುಂದಿದರೂ ತೂಕ ಏರುತ್ತದೆ, ಮುಟ್ಟು ತಪ್ಪುತ್ತದೆ. ಅದಕ್ಕೆ ಮದ್ದು ಬೇರೆ. 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹದಿಹರೆಯದವರ ಬಗ್ಗೆ ಇನ್ನೂ ಬಿಗಿಯಾಗಿದೆ: ಮೊದಲ ಎರಡು ಲಕ್ಷಣಗಳೂ ಇರಲೇಬೇಕು, ಮೈನೆರೆದು ಎಂಟು ವರ್ಷ ಆಗುವವರೆಗೆ ಸ್ಕ್ಯಾನಿಂಗ್ ನೋಡಿ ತೀರ್ಮಾನಿಸಬಾರದು. ಆ ವಯಸ್ಸಿನಲ್ಲಿ ಸಹಜ ಅಂಡಾಶಯವೂ ಹಾಗೇ ಕಾಣಬಹುದು. ಹದಿನಾರರ ಹುಡುಗಿಯ ಸ್ಕ್ಯಾನಿಂಗ್ ಚೀಟಿ ಹಿಡಿದು ‘ಇವಳಿಗೆ ಮಕ್ಕಳಾಗುವುದು ಕಷ್ಟ’ ಎನ್ನುವುದು ವೈದ್ಯಕೀಯವಾಗಿಯೂ ತಪ್ಪು, ಮನುಷ್ಯತ್ವದ ದೃಷ್ಟಿಯಿಂದಲೂ ತಪ್ಪು.

ಮನೆಯವರು ಗಮನಿಸಬಹುದಾದ ಗುರುತುಗಳು ಸರಳ. ಮೈನೆರೆದು ಮೂರು ವರ್ಷ ದಾಟಿದ ಮೇಲೆ ಮುಟ್ಟಿನ ನಡುವಿನ ಅಂತರ 21 ದಿನಕ್ಕಿಂತ ಕಡಿಮೆ ಅಥವಾ 35 ದಿನಕ್ಕಿಂತ ಹೆಚ್ಚು ಇರುವುದು, ಇಲ್ಲವೇ ವರ್ಷಕ್ಕೆ ಎಂಟಕ್ಕಿಂತ ಕಡಿಮೆ ಸಲ ಮುಟ್ಟಾಗುವುದು. ಗಲ್ಲ, ಮೇಲ್ದುಟಿಗಳಲ್ಲಿ ದಪ್ಪ ಕೂದಲು. ನೆತ್ತಿಯ ಕೂದಲು ತೆಳುವಾಗುವುದು. ಕತ್ತಿನ ಹಿಂಭಾಗ, ಕಂಕುಳಲ್ಲಿ ವೆಲ್ವೆಟ್ಟಿನಂತೆ ಕಪ್ಪಾಗುವ ಚರ್ಮ. ಎಷ್ಟೋ ತಾಯಂದಿರು ಇದನ್ನು ಕೊಳೆಯೆಂದು ಬಗೆದು ಕಡಲೆಹಿಟ್ಟು ಹಚ್ಚಿ ಉಜ್ಜುತ್ತಾರೆ. ಹೆಚ್ಚಿದ ಇನ್ಸುಲಿನ್ ಚರ್ಮದ ಮೇಲೆ ಬರೆದ ಸೂಚನೆ ಅದು. ತೆಳ್ಳಗಿರುವವರಿಗೂ ಪಿಸಿಒಎಸ್ ಬರುತ್ತದೆ ಎಂಬುದನ್ನೂ ಮರೆಯಬಾರದು. ಅನುವಂಶೀಯತೆಯ ಪಾಲು ದೊಡ್ಡದು, ಬೊಜ್ಜು ಅದನ್ನು ಉಲ್ಬಣಿಸುತ್ತದೆ.

ಬಸಿರು ಮತ್ತು ಮುಂದಿನ ತಲೆಮಾರು

ಬೊಜ್ಜಿನ ಜೊತೆ ಬಸಿರಾದವರಲ್ಲಿ ಗರ್ಭಪಾತ, ಗರ್ಭಿಣಿಯ ಸಕ್ಕರೆ ಕಾಯಿಲೆ, ಏರುವ ರಕ್ತದೊತ್ತಡ, ಸಿಸೇರಿಯನ್ ಹೆರಿಗೆ ಹೆಚ್ಚು. ಮಗುವಿನ ಬೆನ್ನುಹುರಿಯ ದೋಷದ ಅಪಾಯವೂ ತುಸು ಹೆಚ್ಚು. ಬಸಿರಿಗೆ ಮೊದಲೇ ಫೋಲಿಕ್ ಆಮ್ಲ ಶುರುಮಾಡಬೇಕು ಎನ್ನುವುದು ಅದಕ್ಕೇ. ಗರ್ಭಿಣಿಯ ಸಕ್ಕರೆ ಪತ್ತೆಗೆ ನಮ್ಮ ದೇಶದಲ್ಲಿ ಅನುಕೂಲದ ವಿಧಾನವಿದೆ. ಊಟ ಮಾಡಿದ್ದರೂ ಸರಿ, 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ರಕ್ತ ನೋಡಿದಾಗ 140 ಮಿಲಿಗ್ರಾಂ ಅಥವಾ ಹೆಚ್ಚಿದ್ದರೆ ತೊಂದರೆ ಇದೆ ಎಂದರ್ಥ. ಮೊದಲ ಭೇಟಿಯಲ್ಲಿ ಒಮ್ಮೆ, 24ರಿಂದ 28 ವಾರಗಳ ನಡುವೆ ಇನ್ನೊಮ್ಮೆ ಮಾಡಬೇಕು. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ನಡೆಯುವ ಗರ್ಭಿಣಿಯರ ತಪಾಸಣೆಯಲ್ಲಿ ಇದನ್ನು ಕೇಳಿ ಮಾಡಿಸಿಕೊಳ್ಳಬಹುದು.

ತಾಯಿಯ ಸಕ್ಕರೆ ಮಗುವಿಗೆ ಏನು ಮಾಡುತ್ತದೆ ಎಂಬುದಕ್ಕೆ ಜಗತ್ತೇ ನೋಡುವಂಥ ಉತ್ತರ ಕರ್ನಾಟಕದ ನೆಲದಿಂದ ಬಂದಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ (ಜನರ ಮಾತಿನಲ್ಲಿ ಮಿಷನ್ ಆಸ್ಪತ್ರೆ) 1997–98ರಲ್ಲಿ ಪಾರ್ಥೆನಾನ್ ಅಧ್ಯಯನ ಶುರುವಾಯಿತು. ಪರೀಕ್ಷಿಸಿದ ಗರ್ಭಿಣಿಯರಲ್ಲಿ ಶೇ. 6.2 ಮಂದಿಗೆ ಸಕ್ಕರೆ ಕಾಯಿಲೆ ಇತ್ತು. ಡಾ. ಜಿ.ವಿ. ಕೃಷ್ಣವೇಣಿ ಮತ್ತು ಸಂಗಡಿಗರು ಆ ಗರ್ಭಿಣಿಯರಿಗೆ ಹುಟ್ಟಿದ ಮಕ್ಕಳನ್ನು ವರ್ಷವರ್ಷವೂ ಗಮನಿಸುತ್ತ ಬಂದರು. ಸಕ್ಕರೆ ಕಾಯಿಲೆಯ ತಾಯಂದಿರ ಹೆಣ್ಣುಮಕ್ಕಳಲ್ಲಿ ಐದನೇ ವಯಸ್ಸಿಗೇ ಚರ್ಮದಡಿಯ ಕೊಬ್ಬು ಮತ್ತು ಇನ್ಸುಲಿನ್ ಹೆಚ್ಚಾಗಿದ್ದವು. ಅದೇ ಅಧ್ಯಯನದಲ್ಲಿ ಶೇ. 43ರಷ್ಟು ಗರ್ಭಿಣಿಯರಿಗೆ ವಿಟಮಿನ್ ಬಿ12 ಕೊರತೆ ಇತ್ತು, ಕೊರತೆ ಇದ್ದವರಲ್ಲಿ ಬೊಜ್ಜು ಮತ್ತು ಗರ್ಭಿಣಿಯ ಸಕ್ಕರೆ ಎರಡೂ ಹೆಚ್ಚು ಕಂಡವು. ಒಂದು ತಲೆಮಾರಿನ ಅಪೌಷ್ಟಿಕತೆ ಮತ್ತು ಬೊಜ್ಜು ಇನ್ನೊಂದರ ಅಂಡಾಶಯದ ಬಾಗಿಲಿಗೆ ಬಂದು ನಿಲ್ಲುವ ಬಗೆ ಇದು.

ಹೆರಿಗೆಯಾದ ಮೇಲೆ ಸಕ್ಕರೆ ಸರಿಹೋಯಿತೆಂದು ಮರೆತುಬಿಡುವವರೇ ಹೆಚ್ಚು. ಆರು ವಾರಕ್ಕೆ ಮತ್ತೆ ಪರೀಕ್ಷೆ ಆಗಬೇಕು ಎಂದು ಕೇಂದ್ರ ಸರ್ಕಾರದ ಮಾರ್ಗಸೂಚಿ ಹೇಳುತ್ತದೆ. ಕೂಸಿಗೆ ಆರನೇ ವಾರದ ಲಸಿಕೆ ಹಾಕಿಸಲು ಹೋದ ದಿನವೇ ತಾಯಿಯ ರಕ್ತವನ್ನೂ ನೋಡಿದರೆ ಎರಡನೇ ಓಡಾಟ ತಪ್ಪುತ್ತದೆ. ಬಾಣಂತನದ ತುಪ್ಪ, ಕೊಬ್ಬರಿ, ಅಂಟಿನುಂಡೆಗಳ ಹಿಂದೆ ಇರುವುದು ಅಕ್ಕರೆ. ಗದ್ದೆಗೆ ಬೇಗ ಮರಳಬೇಕಿದ್ದ, ಹೊಟ್ಟೆತುಂಬ ಕಾಣದಿದ್ದ ಕಾಲದ ಬಾಣಂತಿಗೆ ಅದು ಬೇಕಿತ್ತು. ಬಸಿರಲ್ಲಿ ಸಕ್ಕರೆ ಬಂದವಳಿಗೆ ಅದೇ ಅಕ್ಕರೆಯನ್ನು ಹೆಸರುಕಾಳು, ಸಬ್ಬಸಿಗೆ ಸೊಪ್ಪು, ಮೊಟ್ಟೆ, ಜೋಳದ ರೊಟ್ಟಿಗಳಲ್ಲಿ ತೋರಿಸಬಹುದು.

ಆಪರೇಷನ್ ಆದಮೇಲೆ

ಐದನೇ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ವಿವಾಹಿತೆಯರಲ್ಲಿ ಶೇ. 57ರಷ್ಟು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ‘ಆಪರೇಷನ್ ಆದಮೇಲೆ ಮೈ ಬಂತು’ ಎಂಬ ಮಾತು ಎಲ್ಲ ಓಣಿಗಳಲ್ಲೂ ಕೇಳುತ್ತದೆ. ಆ ಶಸ್ತ್ರಚಿಕಿತ್ಸೆ ನಾಳಗಳನ್ನಷ್ಟೇ ಮುಚ್ಚುತ್ತದೆ, ಅಂಡಾಶಯವನ್ನೂ ಹಾರ್ಮೋನುಗಳನ್ನೂ ಮುಟ್ಟುವುದಿಲ್ಲ. ತೂಕ ಏರುವುದು ಬಸಿರು, ಬಾಣಂತನ, ವಯಸ್ಸು, ಬದಲಾದ ದುಡಿಮೆಗಳಿಂದ. ನಿಜವಾದ ನಷ್ಟ ಬೇರೆಡೆ ಇದೆ. ಆಪರೇಷನ್ ಆದೊಡನೆ ಆಶಾ ಕಾರ್ಯಕರ್ತೆಯ ಪುಸ್ತಕದಿಂದಲೂ ನರ್ಸಮ್ಮನ ಭೇಟಿಯಿಂದಲೂ ಆ ಹೆಣ್ಣು ಹೆಚ್ಚುಕಡಿಮೆ ಮರೆಯಾಗುತ್ತಾಳೆ.

ಮತ್ತೆ ಅವಳು ಆಸ್ಪತ್ರೆಗೆ ಬರುವುದು ಅತಿಸ್ರಾವ ತಡೆಯಲಾರದೆ. ಆಗ ‘ಗರ್ಭಚೀಲ ತೆಗೆಸಿಬಿಡಿ’ ಎಂಬ ಸಲಹೆ ಬಲುಬೇಗ ಬರುತ್ತದೆ. ಕಲಬುರಗಿ ಜಿಲ್ಲೆಯಲ್ಲಿ 2017ರಲ್ಲಿ, ಅನಗತ್ಯವಾಗಿ ಗರ್ಭಕೋಶ ತೆಗೆಸಿಕೊಂಡ ಹೆಂಗಸರು ಬೀದಿಗಿಳಿದಿದ್ದರು, ಅವರಲ್ಲಿ ಲಂಬಾಣಿ ಮತ್ತು ದಲಿತ ಹೆಂಗಸರು ಹೆಚ್ಚು. ಲಂಬಾಣಿ ತಾಂಡಾಗಳಿರುವ ಸಂಡೂರು ಸೀಮೆ ಈ ಪಾಠವನ್ನು ನೆನಪಿಡಬೇಕು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಅನಗತ್ಯ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು ಹೇಳಿತು. ಅತಿಸ್ರಾವಕ್ಕೆ ಮಾತ್ರೆಗಳಿವೆ, ಗರ್ಭಕೋಶದೊಳಗೆ ಇಡುವ, ಪ್ರೊಜೆಸ್ಟಿರೋನ್‌ನಂಥ ಹಾರ್ಮೋನು ಸೂಸುವ ವಂಕಿಯಿದೆ, ಒಳಪದರದ ತುಣುಕು ತೆಗೆದು ಪರೀಕ್ಷಿಸುವ ದಾರಿಯಿದೆ. ಇವನ್ನೆಲ್ಲ ನೋಡಿದ ಮೇಲಷ್ಟೇ ಕತ್ತರಿಯ ಮಾತು ಬರಬೇಕು. ಚಿಕ್ಕ ವಯಸ್ಸಿನಲ್ಲಿ ಅಂಡಾಶಯವನ್ನೂ ತೆಗೆದರೆ ಮೂಳೆ ಸವೆಯುತ್ತದೆ, ಹೃದಯಕ್ಕೂ ಅಪಾಯ.

ಚಿಕಿತ್ಸೆ: ಖಚಿತವಾದದ್ದು ಎಷ್ಟು

ಸಮಾಧಾನದ ಸಂಗತಿಯೆಂದರೆ ದೊಡ್ಡ ಬದಲಾವಣೆ ಬೇಕಿಲ್ಲ. ತೂಕದಲ್ಲಿ ಶೇ. 5ರಿಂದ 10 ಇಳಿದರೂ ಅನೇಕರಲ್ಲಿ ಅಂಡಾಣು ಬಿಡುಗಡೆ ಮರಳಿ ಶುರುವಾಗುತ್ತದೆ. 70 ಕಿಲೋ ತೂಕದವಳಿಗೆ ಅದು ಮೂರೂವರೆಯಿಂದ ಏಳು ಕಿಲೋ. 2023ರ ಮಾರ್ಗಸೂಚಿ ಪ್ರಕಾರ ಯಾವುದೇ ಒಂದು ಪಥ್ಯ ಇನ್ನೊಂದಕ್ಕಿಂತ ಮೇಲೆಂದು ಸಾಬೀತಾಗಿಲ್ಲ. ಹೀಗಿರುವಾಗ ದುಬಾರಿ ಪುಡಿ, ಡಬ್ಬಿಗಳ ಹಂಗು ಬೇಕಿಲ್ಲ. ತಟ್ಟೆಯ ಅರ್ಧ ಅನ್ನದ ಜಾಗಕ್ಕೆ ರೊಟ್ಟಿ, ಕಾಳಿನ ಪಲ್ಯ, ಪುಂಡಿಸೊಪ್ಪು, ಮಜ್ಜಿಗೆ ಬಂದರೆ ಅದೇ ಪಥ್ಯ. ತೂಕ ಇಳಿಯದಿದ್ದರೂ ವಾರಕ್ಕೆ 150 ನಿಮಿಷ ಚುರುಕಾಗಿ ನಡೆದರೆ ಇನ್ಸುಲಿನ್ ಕೆಲಸ ಸುಧಾರಿಸುತ್ತದೆ.

ಮುಟ್ಟನ್ನು ಕ್ರಮಕ್ಕೆ ತರಲು ಗರ್ಭನಿರೋಧಕ ಮಾತ್ರೆಗಳು, ಇನ್ಸುಲಿನ್ ತೊಂದರೆಗೆ ಮೆಟ್‌ಫಾರ್ಮಿನ್ ಬಳಕೆಯಲ್ಲಿವೆ. ಮದುವೆಯಾಗದ ಹುಡುಗಿಗೆ ಆ ಮಾತ್ರೆ ಬರೆದರೆ ಮನೆಯವರು ಬೆದರುತ್ತಾರೆ. ಅವು ಹಾರ್ಮೋನಿನ ಔಷಧ, ರಕ್ತದೊತ್ತಡ ಮೊದಲಾದವನ್ನು ನೋಡಿ ವೈದ್ಯರು ಕೊಡುವಂಥವು, ಮುಂದೆ ಮಕ್ಕಳಾಗುವುದನ್ನು ತಡೆಯುವುದಿಲ್ಲ. ಮಗು ಬೇಕೆನ್ನುವವರಿಗೆ ಅಂಡಾಣು ಬಿಡುಗಡೆಯ ಮೊದಲ ಔಷಧ ಲೆಟ್ರೋಜೋಲ್. ಭಾರತದಲ್ಲಿ 2011ರಲ್ಲಿ ಬಂಜೆತನದ ಚಿಕಿತ್ಸೆಗೆ ಇದರ ಬಳಕೆಯನ್ನು ನಿಷೇಧಿಸಿ, 2017ರಲ್ಲಿ ನಿಷೇಧ ತೆರವುಗೊಳಿಸಿದರು. ಇದಕ್ಕೆಲ್ಲ ಮೊದಲು ಗಂಡನ ವೀರ್ಯ ಪರೀಕ್ಷೆ ಆಗಲೇಬೇಕು. ಮಗು ಆಗದ ಜೋಡಿಗಳಲ್ಲಿ ಅರ್ಧದಷ್ಟು ಕಡೆ ಗಂಡಸಿನ ಕಾರಣವೂ ಇರುತ್ತದೆ, ಹೊರೆ ಮಾತ್ರ ಹೆಣ್ಣಿನ ಮೇಲೆ ಬೀಳುತ್ತದೆ.

2025ರಲ್ಲಿ ಮೌಂಜಾರೋ, ವೆಗೋವಿ ಎಂಬ ತೂಕ ಇಳಿಸುವ ಚುಚ್ಚುಮದ್ದುಗಳು ಭಾರತದ ಮಾರುಕಟ್ಟೆಗೆ ಬಂದವು. ಅವು ಪರಿಣಾಮಕಾರಿ, ಆದರೆ ಬಸಿರಿನಲ್ಲಿ ಬಳಸುವಂತಿಲ್ಲ. ವೆಗೋವಿಯನ್ನು ಬಸಿರಿಗೆ ಯೋಜಿಸುವ ಎರಡು ತಿಂಗಳ ಮೊದಲೇ ನಿಲ್ಲಿಸಬೇಕು. ತೂಕ ಇಳಿದಂತೆ ಅಂಡಾಣು ಬಿಡುಗಡೆ ಮರಳುವುದರಿಂದ, ಬೇಡವಾದ ಹೊತ್ತಿನಲ್ಲಿ ಬಸಿರಾಗುವ ಸಾಧ್ಯತೆಯನ್ನೂ ಗಮನದಲ್ಲಿಡಬೇಕು.

ಆಗಬೇಕಾದ್ದು

ಸರ್ಕಾರದ ಅಸಾಂಕ್ರಾಮಿಕ ರೋಗಗಳ ತಪಾಸಣೆ 30 ವರ್ಷಕ್ಕೆ ಶುರುವಾಗುತ್ತದೆ. ಹದಿಹರೆಯದವರಿಗೆ ಸ್ನೇಹ ಕ್ಲಿನಿಕ್‌ಗಳಿವೆ, ಅವು 19ಕ್ಕೆ ಮುಗಿಯುತ್ತವೆ. ಪಿಸಿಒಎಸ್ ತಲೆ ಎತ್ತುವ, ಮದುವೆ ಮತ್ತು ಮೊದಲ ಬಸಿರು ಬರುವ 20ರಿಂದ 29ರ ವಯಸ್ಸು ಎರಡರ ನಡುವೆ ಬಿದ್ದುಹೋಗಿದೆ. ಆ ವಯಸ್ಸಿನ ಹೆಣ್ಣು ಗರ್ಭಿಣಿಯಾದರೆ ಮಾತ್ರ ವ್ಯವಸ್ಥೆಯ ಕಣ್ಣಿಗೆ ಬೀಳುತ್ತಾಳೆ, ತಾಯಿ ಕಾರ್ಡ್ ಪಡೆಯುತ್ತಾಳೆ.

ಈ ಕಂದಕ ಮುಚ್ಚಲು ಹೊಸ ಆಸ್ಪತ್ರೆ ಬೇಕಾಗಿಲ್ಲ. ಹೊಸಪೇಟೆ, ಸಂಡೂರು, ಕಂಪ್ಲಿಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನ ಮದುವೆಯಾದವರು, ಆಗದವರು ಎಂಬ ಭೇದವಿಲ್ಲದೆ ಯುವತಿಯರ ಮುಟ್ಟಿನ ತೊಂದರೆ ಕೇಳುವ ಹೊರರೋಗಿ ವಿಭಾಗ ನಡೆಸಬಹುದು. ಬೇಕಾದ ಪರಿಕರಗಳು ತೂಕದ ಯಂತ್ರ, ಸೊಂಟ ಅಳೆಯುವ ಟೇಪು, ರಕ್ತದೊತ್ತಡದ ಯಂತ್ರ, ಸಕ್ಕರೆ ಮತ್ತು ಥೈರಾಯ್ಡ್ ಪರೀಕ್ಷೆ, ಬಾಗಿಲು ಮುಚ್ಚಿ ಮಾತಾಡಬಹುದಾದ ಒಂದು ಕೋಣೆ. ಹೆಚ್ಚಿನ ಚಿಕಿತ್ಸೆಗೆ ಜನ ಇಂದಿಗೂ ವಿಮ್ಸ್ ಎಂದೇ ಕರೆಯುವ ಬಳ್ಳಾರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆ ಇದೆ. 2023ರ ಶಕ್ತಿ ಯೋಜನೆಯಿಂದ ಅಲ್ಲಿಗೆ ಬಸ್ಸಿನ ಖರ್ಚಿಲ್ಲ, ಕಳೆದುಕೊಳ್ಳುವ ಕೂಲಿ ಮಾತ್ರ ಹಾಗೇ ಇದೆ. ಒಂದೇ ಭೇಟಿಯಲ್ಲಿ ರಕ್ತ ಪರೀಕ್ಷೆ, ಸ್ಕ್ಯಾನಿಂಗ್, ವೈದ್ಯರ ಮಾತು ಮೂರೂ ಮುಗಿದರೆ ಆ ಕೂಲಿ ಉಳಿಯುತ್ತದೆ.

ವೈದ್ಯರೂ ನರ್ಸುಗಳೂ ಬಿಡಬೇಕಾದ್ದು ಒಂದಿದೆ, ಬೈಗುಳ. ‘ಇಷ್ಟು ದಪ್ಪ ಆಗೀಯಲ್ಲ’ ಎನಿಸಿಕೊಂಡ ಹುಡುಗಿ ಮತ್ತೆ ಆ ಬಾಗಿಲಿಗೆ ಬರುವುದಿಲ್ಲ. ಪಿಸಿಒಎಸ್ ಇರುವವರಲ್ಲಿ ಖಿನ್ನತೆ, ಆತಂಕ ಹೆಚ್ಚೆಂದು 2023ರ ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಎಚ್ಚರಿಸಿ, ಮನಸ್ಸಿನ ಆರೋಗ್ಯವನ್ನೂ ವಿಚಾರಿಸಲು ಹೇಳಿದೆ. ಮನೆಯವರು ಮಾಡಬೇಕಾದ್ದು ಎರಡು: ಮಗಳ ಮುಟ್ಟಿನ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕುವುದನ್ನು ಕಲಿಸುವುದು, ತಪ್ಪಿದಾಗ ಜಾತಕಕ್ಕೆ ಮೊದಲು ಆಸ್ಪತ್ರೆಗೆ ಕರೆದೊಯ್ಯುವುದು. ಮಕ್ಕಳಾಗುವುದು, ಆಗದಿರುವುದು, ಬೇಡವೆನ್ನುವುದು ಅವಳ ಬದುಕಿನ ಒಂದು ಭಾಗ ಮಾತ್ರ. ಇಪ್ಪತ್ತಕ್ಕೆ ಮುಟ್ಟು ತಪ್ಪಿದ್ದನ್ನು ಗಮನಿಸಿದರೆ ನಲವತ್ತರ ಸಕ್ಕರೆ ಕಾಯಿಲೆಯನ್ನು ಅನೇಕರಲ್ಲಿ ಮುಂದೂಡಬಹುದು, ಕೆಲವರಲ್ಲಿ ತಪ್ಪಿಸಲೂಬಹುದು. ಅಷ್ಟು ಆರೋಗ್ಯ ತಾಯಿಯಾಗುವ ಹೆಣ್ಣಿಗೂ ಸಲ್ಲಬೇಕು, ಆಗದವಳಿಗೂ ಸಲ್ಲಬೇಕು.